ನಲವತ್ತೊಂದು ಹಾಳೆ

ಸಾತನೂರು
೧೨ ಜೂನ್ ೨೦೨೩

ಚಿ. ಲತಾಮಣಿಗೆ,

'ಚಿ.' ಆದ ಮೇಲೆ ಬರೆಯಬೇಕಾದ ಅಕ್ಷರವನ್ನು ಬಿಟ್ಟಿದ್ದೇನೆ. ನನ್ನ ಮಗ ಹೋಗಿ ಏಳು ತಿಂಗಳಾಯಿತು. ಸೊಸೆಯ ಹೆಸರಿನ ಹಿಂದೆ ಆ ಅಕ್ಷರವನ್ನು ಇನ್ನು ಬರೆಯುವ ಹಾಗಿಲ್ಲ.

ನಿನ್ನ ಕಾಗದ ಶನಿವಾರ ತಲುಪಿತು. ಫೋನ್ ಮಾಡದೆ ಬರೆದದ್ದು ಒಳ್ಳೆಯದಾಯಿತು. ಫೋನಿನಲ್ಲಿ ನಮ್ಮಿಬ್ಬರ ಮಾತು ಎರಡು ನಿಮಿಷ ನೆಟ್ಟಗೆ ನಡೆಯುವುದಿಲ್ಲ. ಬರೆಯುವಾಗ ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ. ನಾನು ಕನಕಪುರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಕಾಗದ ಬರೆಯಲು ಯಾರ ಸಹಾಯವೂ ಬೇಕಾಗಿಲ್ಲ.

ಬೆಂಗಳೂರಿನ ಗ್ಯಾಲರಿಯೊಂದರಲ್ಲಿ ನಟರಾಜುವಿನ ಕೊನೆಯ ಚಿತ್ರಗಳನ್ನೆಲ್ಲ ಒಟ್ಟಿಗೆ ತೋರಿಸಬೇಕೆಂದಿದ್ದೀಯ. ಅವನು ಕಾಯಿಲೆ ಬಿದ್ದು ನನ್ನ ಮನೆಯಲ್ಲಿದ್ದ ನಾಲ್ಕು ತಿಂಗಳಲ್ಲಿ ಬರೆದದ್ದು ಏನಿದ್ದರೂ ಕೊಡಿ ಎಂದು ಕೇಳಿದ್ದೀಯ. ಕೊಡಲು ಏನೂ ಇಲ್ಲ. ಅವನು ಇಲ್ಲಿ ಒಂದು ಚಿತ್ರವನ್ನೂ ಬರೆಯಲಿಲ್ಲ.

ಕಾರಣ ನಿನಗೂ ಗೊತ್ತು. ಅವನ ಕೋಣೆಗೂ ರೇಷ್ಮೆ ಹುಳು ಸಾಕುವ ಮನೆಗೂ ಒಂದೇ ಗೋಡೆ. ಬಣ್ಣದ ವಾಸನೆ, ಎಣ್ಣೆಯ ವಾಸನೆ ತಗುಲಿದರೆ ಹುಳು ಸೊಪ್ಪು ಮುಟ್ಟುವುದಿಲ್ಲ. ಆಸ್ಪತ್ರೆಯಿಂದ ಬಂದ ದಿನ ಅವನ ಬಣ್ಣದ ಪೆಟ್ಟಿಗೆಯನ್ನು ನಾನು ಜಗಲಿಯ ಮೇಲೆಯೇ ತಡೆದೆ. "ಇದು ಒಳಕ್ ಬರಕೂಡ್ದು ಕಣ್ಲಾ" ಎಂದೆ. ಅವನು "ಆಯ್ತು ಬುಡವ್ವ" ಎಂದು ನಕ್ಕು, ಅದನ್ನು ಪಕ್ಕದ ಮನೆಗೆ, ಚಿಕ್ಕಪ್ಪ ಸಿದ್ದಯ್ಯನ ಅಟ್ಟಕ್ಕೆ ಕಳಿಸಿದ. ಇಪ್ಪತ್ತು ವರ್ಷ ಹುಳುವಿನಿಂದ ಅನ್ನ ತಿಂದ ಮನೆ ಇದು. ಮಗನಿಗೊಂದು, ಊರಿಗೊಂದು ಕಟ್ಟಳೆ ನನ್ನಲ್ಲಿಲ್ಲ.

ಆಮೇಲೆ ಅವನು ಕಿಟಕಿಯ ಪಕ್ಕ ಕುಳಿತು, ನೀನು ಭಾನುವಾರಗಳಲ್ಲಿ ತಂದುಕೊಡುತ್ತಿದ್ದ ದಪ್ಪ ಬಿಳಿ ಹಾಳೆಗಳಿಗೆ ಸೂಜಿಯಿಂದ ತೂತು ಮಾಡುತ್ತಿದ್ದ. "ಯಾರಿಗ್ಲಾ ಮಗ ಈ ಕೆಲ್ಸ?" ಎಂದು ಒಂದು ದಿನ ಕೇಳಿದೆ. "ನಿಂಗೇ ಕಣವ್ವ, ಇನ್ಯಾರ್ಗೆ" ಎಂದ. ಮೊಟ್ಟೆಯೊಡೆದು ಬಂದ ಎಳೆಯ ಹುಳುವಿನ ತಟ್ಟೆಗೆ ಮೇಲುಹಾಳೆ ಮುಚ್ಚಬೇಕು, ಸೊಪ್ಪು ಒಣಗದ ಹಾಗೆ. ಆದರೆ ಹುಳು ಉಸಿರಾಡಲು ಅದರಲ್ಲಿ ಸಣ್ಣ ತೂತುಗಳಿರಬೇಕು. ಅವನು ಮಾಡಿದ್ದು ಅದನ್ನೇ. ಹುಟ್ಟಿದಾಗಿನಿಂದ ಒಂದು ಹಿಪ್ಪುನೇರಳೆ ಎಲೆ ಮುಟ್ಟದ ಹುಡುಗ ಕೊನೆಗೆ ಅವ್ವನ ಹುಳುವಿಗೆಂದು ನಲವತ್ತೊಂದು ಹಾಳೆ ಮಾಡಿಟ್ಟು ಹೋದ. ಕೇರಿಯಲ್ಲಿ ಎಲ್ಲರಿಗೂ ಅದನ್ನು ಹೇಳಿದೆ. ನಾನು ಸಾಮಾನ್ಯವಾಗಿ ಹೀಗೆಲ್ಲ ಹೇಳಿಕೊಂಡು ತಿರುಗುವವಳಲ್ಲ.

ಡಿಸೆಂಬರಿನ ಬೆಳೆಗೆ ಆ ಹಾಳೆಗಳನ್ನೇ ಮುಚ್ಚಿದೆ. ಗೂಡು ಚೆನ್ನಾಗಿ ಬಂತು. ಜನವರಿಯ ಬೆಳೆಗೆ ಚಳಿಯಲ್ಲಿ ಸುಣ್ಣಕಟ್ಟು ರೋಗ ಬಿತ್ತು. ಹುಳುವೆಲ್ಲ ಸೆಟೆದು ಸೀಮೆಸುಣ್ಣದ ಚೂರಿನಂತಾದವು. ಆ ರೋಗ ಬಂದರೆ ತಟ್ಟೆ ತೊಳೆದು ಬಿಸಿಲಿಗಿಡಬೇಕು, ಹಾಳೆಯನ್ನೆಲ್ಲ ಸುಡಬೇಕು. ಹಿತ್ತಲಿನ ಗುಂಡಿಯಲ್ಲಿ ನಾನೇ ಸುಟ್ಟೆ. ಒಳ್ಳೆಯ ಕಾಗದ, ಹೊಟ್ಟೆ ಉರಿಯಿತು.

ಅವನ ಬಟ್ಟೆ, ಕನ್ನಡಕ, ಎರಡು ಜೊತೆ ಚಪ್ಪಲಿ ಇವೆ. ಬೇಕಿದ್ದರೆ ಕಳಿಸುತ್ತೇನೆ. ಹನ್ನೊಂದನೆಯ ದಿನ ನಾನು ನಿನಗೆ ಹೇಳಿದ ಮಾತನ್ನು ಈ ಕಾಗದದಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ತಿಳಿಯಬೇಡ. ಹದಿನೈದು ವರ್ಷ ಬಣ್ಣ, ಥಿನ್ನರ್ ನಡುವೆ ಉಸಿರಾಡಿದ ಎದೆ ಅದು. ಅದನ್ನು ಬಿಡಿಸಬೇಕಾದವಳು ನೀನು, ಜೊತೆಯಲ್ಲಿ ಕೂತು ನೀನೂ ಬರೆದೆ.

ಚಿಕ್ಕಲಕ್ಷ್ಮಮ್ಮ


ಚನ್ನಪಟ್ಟಣ
೨೦ ಜೂನ್ ೨೦೨೩

ಪೂಜ್ಯ ಅತ್ತೆಯವರಿಗೆ,

ನಿಮ್ಮ ಕಾಗದ ಓದಿದೆ. ಬಟ್ಟೆ ನಿಮ್ಮ ಹತ್ತಿರವೇ ಇರಲಿ.

ಒಂದೇ ಒಂದು ವಿಷಯ ಕೇಳಬೇಕಾಗಿದೆ. ಆ ತೂತಿನ ಹಾಳೆಗಳಲ್ಲಿ ಒಂದಾದರೂ ಉಳಿದಿದೆಯೆ? ಹರಿದಿದ್ದರೂ, ಕಲೆಯಾಗಿದ್ದರೂ ಆಗಬಹುದು. ತಟ್ಟೆಗಳ ಸಂದಿಯಲ್ಲಿ, ಅಟ್ಟದಲ್ಲಿ, ಸಿದ್ದಯ್ಯ ಮಾವನವರ ಮನೆಯಲ್ಲಿ ಎಲ್ಲಾದರೂ ಇರಬಹುದು. ದಯವಿಟ್ಟು ಇನ್ನೊಂದು ಸಲ ನೋಡಿ.

ಲತಾ


ಸಾತನೂರು
೨೮ ಜೂನ್ ೨೦೨೩

ಚಿ. ಲತಾಮಣಿಗೆ,

ಒಂದು ಸಲ ಇಲ್ಲವೆಂದ ಮೇಲೆ ಇಲ್ಲವೇ. ಆದರೂ ನೋಡಿದೆ. ಬಿದಿರು ತಟ್ಟೆಗಳನ್ನೆಲ್ಲ ಇಳಿಸಿ, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಸರಿಸಿ, ಅಟ್ಟ ಗುಡಿಸಿದ್ದಾಯಿತು. ಸಿದ್ದಯ್ಯ ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದ.

"ಅತ್ಗೆ, ನೀವಿಬ್ರೂ ಕಾಗ್ದ ಬರ್ದು ಬರ್ದು ಪೋಸ್ಟ್‌ಮನ್ನ್ ಕಾಲ್ ಸವಸ್ತಿದ್ದೀರಿ. ಒಂದ್ ಫೋನ್ ಮಾಡ್ಬುಟ್ರೆ ಆಯ್ತಿತ್ತು."

"ನೀನ್ ಏಣಿ ನೆಟ್ಟಗ್ ಹಿಡ್ಕೊ ಸಾಕು."

"ಹಿಡ್ದೆ ಹಿಡ್ದೆ. ನೀವ್ ಬಿದ್ರೆ ನನ್ ಬೈಯೋರ್ ಯಾರು ಇನ್ನು?"

ಒಂದು ಚೂರೂ ಸಿಗಲಿಲ್ಲ.

ತೂತಿನ ಹಾಳೆಗೆ ಇಷ್ಟು ಹಂಬಲ ಯಾಕೆ ನಿನಗೆ? ನೀನು ಹುಳು ಸಾಕಲು ಶುರು ಮಾಡಿದ್ದರೆ ನನಗೆ ತಿಳಿಯುತ್ತಿತ್ತು. ಅವನ ಕೈ ಮುಟ್ಟಿದ ವಸ್ತು ಎಂದಾದರೆ ಹಾಗೆಯೇ ಬರೆ, ನಾಚಿಕೆಪಡುವಂಥದೇನೂ ಅಲ್ಲ. ಅವನ ಕನ್ನಡಕ ಕೊಡುತ್ತೇನೆ, ಅದು ನಾಲ್ಕು ತಿಂಗಳೂ ಅವನ ಮುಖದ ಮೇಲಿತ್ತು.

ಬೊಂಬೆಯ ಕಾರ್ಖಾನೆಯಲ್ಲಿ ಈಗ ಏನು ಕೆಲಸ ನಿನಗೆ? ಅಡುಗೆ ಮಾಡಿಕೊಳ್ಳುತ್ತೀಯೊ, ಹೋಟೆಲಿನ ಊಟವೊ?

ಚಿಕ್ಕಲಕ್ಷ್ಮಮ್ಮ


ಸಾತನೂರು
೪ ಸೆಪ್ಟೆಂಬರ್ ೨೦೨೩

ಚಿ. ಲತಾಮಣಿಗೆ,

ಎರಡು ತಿಂಗಳ ಮೇಲಾಯಿತು. ಕೇಳಿದ ಪ್ರಶ್ನೆಗೆ ಉತ್ತರ ಬರೆಯದಿರುವುದು ನಿನ್ನ ತಾಯಿಯ ಮನೆಯ ರೂಢಿಯೋ, ಚಿತ್ರ ಬರೆಯುವವರ ರೂಢಿಯೋ ನನಗೆ ತಿಳಿಯದು. ನಾನು ಇನ್ನೊಮ್ಮೆ ಕೇಳುವುದಿಲ್ಲ.

ಕಾಯಿಲೆ ಬಿದ್ದಿದ್ದರೆ ಮಾತ್ರ ತಿಳಿಸು.

ಚಿಕ್ಕಲಕ್ಷ್ಮಮ್ಮ


ಚನ್ನಪಟ್ಟಣ
೧೫ ಸೆಪ್ಟೆಂಬರ್ ೨೦೨೩

ಅತ್ತೆಯವರಿಗೆ ನಮಸ್ಕಾರ.

ಕಾಯಿಲೆ ಏನೂ ಇಲ್ಲ. ಬರೆಯಲು ಕುಳಿತೆ, ಆಗಲಿಲ್ಲ, ಅಷ್ಟೆ.

ಬೆಳಿಗ್ಗೆ ಒಂಬತ್ತಕ್ಕೆ ಕಾರ್ಖಾನೆಗೆ ಹೋಗುತ್ತೇನೆ. ಹೊಸ ಬೊಂಬೆಗೆ ನಾನು ಕಾಗದದ ಮೇಲೆ ಆಕಾರ ಬರೆದುಕೊಟ್ಟರೆ, ಅದನ್ನು ಮರದಲ್ಲಿ ಕಡೆಯುವವರು ಸನಾವುಲ್ಲಾ ಸಾಹೇಬರು. ಹತ್ತರಲ್ಲಿ ಎಂಟನ್ನು ತಿರುಗಿಸಿ ಕೊಡುತ್ತಾರೆ: "ಮೇಡಂ, ಕಾಗ್ದಕ್ಕೆ ಹೊಟ್ಟೆ ಇರಲ್ಲ, ಮರಕ್ಕೆ ಇರ್ತದೆ." ಮತ್ತೆ ಬರೆಯುತ್ತೇನೆ. ಸಂಜೆ ಮನೆಯಲ್ಲಿ ಏಳೆಂಟು ಹೆಣ್ಣುಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ. ಅನ್ನ ನಾನೇ ಮಾಡಿಕೊಳ್ಳುತ್ತೇನೆ. ನನ್ನ ಸ್ವಂತ ಚಿತ್ರ ಈ ವರ್ಷ ಒಂದೂ ಆಗಿಲ್ಲ. ಬಣ್ಣ ಕಲಸುತ್ತೇನೆ, ಒಣಗುತ್ತದೆ, ತಟ್ಟೆ ತೊಳೆದಿಡುತ್ತೇನೆ.

ಇಲ್ಲಿ ರೇಷ್ಮೆ ನೂಲು ತೆಗೆಯುವ ಹಾಜಿರಾ ಎಂಬುವರು ತಮ್ಮ ಹಳೆಯ ಶೆಡ್ಡನ್ನು ತಿಂಗಳ ಮಟ್ಟಿಗೆ ಬಿಟ್ಟುಕೊಟ್ಟಿದ್ದಾರೆ. ನಟರಾಜು ನನ್ನ ಕೈಗೆ ಕೊಟ್ಟಿದ್ದ ಏಳು ಚಿತ್ರಗಳನ್ನು ಅಕ್ಟೋಬರಿನಲ್ಲಿ ಅಲ್ಲಿ ತೂಗುಹಾಕುತ್ತಿದ್ದೇನೆ. ಊರಿನವರು ನೋಡಲಿ ಎಂದು. ನೀವು ಬರುವ ತೊಂದರೆ ತೆಗೆದುಕೊಳ್ಳಬೇಡಿ. ನಿಮ್ಮ ಮಂಡಿ ನೋವಿಗೆ ಬಸ್ಸು ಆಗುವುದಿಲ್ಲ. ನೋಡುವಂಥದೂ ಹೆಚ್ಚೇನಿಲ್ಲ.

ಲತಾ


ಸಾತನೂರು
೯ ಅಕ್ಟೋಬರ್ ೨೦೨೩

ಲತಾಮಣಿ,

ನಾನು ಶುಕ್ರವಾರ ಚನ್ನಪಟ್ಟಣಕ್ಕೆ ಬಂದಿದ್ದೆ. ನಿನ್ನ ಜೊತೆ ಮದುವೆಯಾದ ಮೇಲೆ ಅವನು ಮೈಸೂರು, ಬೆಂಗಳೂರು ಎಂದು ಎಷ್ಟು ಕಡೆ ಚಿತ್ರ ತೂಗುಹಾಕಿದರೂ ಒಂದಕ್ಕೂ ನಾನು ಬಂದವಳಲ್ಲ. ಪ್ರತಿ ಸಲವೂ ಅವನೇ ಕರೆಯುತ್ತಿದ್ದ. ನೀನು ಬರಬೇಡಿ ಎಂದು ಬರೆದೆ. ಹಾಗೆ ನನಗೆ ಯಾರೂ ಹೇಳಿದ್ದಿಲ್ಲ, ಅದಕ್ಕೇ ಬಂದೆ.

ಶೆಡ್ಡಿನ ಬಾಗಿಲಲ್ಲಿ ಹಾಜಿರಾ ಕುಳಿತು ಬಟಾಣಿ ಬಿಡಿಸುತ್ತಿದ್ದಳು. ನಾನು ಯಾರೆಂದು ಅವಳಿಗೆ ತಿಳಿಯದು, ನಾನೂ ಹೇಳಲಿಲ್ಲ. "ಬನ್ನಿ ಅಮ್ಮಾ ಒಳಗೆ. ಬೆಳಗ್ಗಿಂದ ನೀವೇ ಫಸ್ಟು. ಆರ್ಟಿಸ್ಟ್ ಮೇಡಂ ಕಾರ್ಖಾನೆಗೆ ಹೋಗವ್ರೆ, ಸಂಜೆ ಬತ್ತಾರೆ" ಎಂದಳು.

ಒಳಗೆ ನೀನು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದೆ. ಏಳು ಹಾಳೆ, ಒಂದೊಂದರ ಹಿಂದೆಯೂ ಒಂದು ದೀಪ. ಹತ್ತಿರ ಹೋದೆ. ತೂತಿನ ಹಾಳೆ. ನನ್ನ ತಟ್ಟೆಗಳ ಮೇಲಿದ್ದ ಹಾಳೆಗಳ ಹಾಗೆಯೇ.

"ಏನಮ್ಮ ಇದು, ಹುಳಿನ್ ಕಾಗ್ದ ತೂಗಾಕವ್ಳಲ್ಲ?" ಎಂದೆ.

ಹಾಜಿರಾ ನಕ್ಕಳು. "ನಾನೂ ಹಂಗೇ ಅಂದಿದ್ದೆ, ಬೈಸ್ಕೊಂಡೆ. ಹತ್ರದಿಂದ ಏನೂ ಕಾಣಲ್ಲ ಅಮ್ಮಾ. ಒಸಿ ಹಿಂದಕ್ ಬನ್ನಿ. ಇನ್ನೊಸಿ. ಹಾಂ, ಅಲ್ಲೇ ನಿಂತ್ಕೊಳಿ."

ನಿಂತೆ. ಬೆಳಕಿನ ಚುಕ್ಕೆಗಳೆಲ್ಲ ಒಂದು ಕೈಯಾದವು. ಸೊಪ್ಪು ಹೆಚ್ಚುವ ಕತ್ತಿ ಹಿಡಿದ ಕೈ. ಬಳೆಯಿಲ್ಲದ ಮಣಿಕಟ್ಟು. ತೋರುಬೆರಳು ಒಳಕ್ಕೆ ಸೊಟ್ಟಗಾಗಿದೆ. ನಾನು ನನ್ನ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡೆ.

"ಅವ್ರ ತಾಯಿಯಂತೆ" ಎಂದಳು ಹಾಜಿರಾ. "ಏಳ್ರಲ್ಲೂ ತಾಯೀನೇ. ಕಾಯ್ಲೆ ಮಲ್ಗಿದ್ದಾಗ ಮಾಡಿದ್ದಂತೆ ಪಾಪ. ಇನ್ನೂ ನಲ್ವತ್ತೊಂದ್ ಇದ್ವಂತೆ, ಎಲ್ಲಾ ಕಳೆದೋದ್ವಂತೆ. ಆ ಹುಡ್ಗಿ ಅದನ್ನ ಹೇಳೋವಾಗ ನಾನ್ ಮುಖ ನೋಡಕಾಗ್ಲಿಲ್ಲ."

ನೀರು ಕೇಳಿದೆ. ಕೊಟ್ಟಳು. ಕುಡಿದು, ಬಸ್ ಸ್ಟ್ಯಾಂಡಿಗೆ ನಡೆದು ಬಂದೆ. ನಿನಗೆ ಕಾಯಲಿಲ್ಲ.

ಈಗ ನೆನಪಿಗೆ ಬರುತ್ತಿದೆ. ಅವನು ಆಗಾಗ ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. "ಬಿಸ್ಲಿಗೆ ಕಣ್ಣು ಹಾಳಾಯ್ತವೆ, ಇಳ್ಸು" ಎಂದು ನಾನು ಆಚೆಯಿಂದ ಕೂಗುತ್ತಿದ್ದೆ. ಅವನು ಇಳಿಸುತ್ತಿದ್ದ. ಒಂದು ಸಲ "ಬಾವ್ವ ಇಲ್ಲಿ, ಒಸಿ ನೋಡು" ಎಂದ. ಹುಳು ಎರಡನೆಯ ಜ್ವರಕ್ಕೆ ಕುಳಿತಿದ್ದವು, ಪೊರೆ ಬಿಡುವ ಹೊತ್ತು, ಅತ್ತಿತ್ತ ಅಲುಗಬಾರದು. "ಆಮೇಲ್ ಬತ್ತೀನಿ" ಎಂದೆ. ಆಮೇಲೆ ಹೋದೆನೋ ಇಲ್ಲವೋ ನೆನಪಿಲ್ಲ. ಹೋಗಿದ್ದರೆ ನೆನಪಿರುತ್ತಿತ್ತು.

ಹುಳುವಿನ ಮನೆಯಲ್ಲಿ ಬೆಳಕು ಕಡಿಮೆ ಇಡಬೇಕು. ಆ ಹಾಳೆಗಳು ಅಲ್ಲಿ ಎರಡು ತಿಂಗಳಿದ್ದವು. ದಿನಕ್ಕೆ ನಾಲ್ಕು ಸಲ ಎತ್ತಿದ್ದೇನೆ, ಮುಚ್ಚಿದ್ದೇನೆ. ಒಂದು ದಿನವೂ ಬೆಳಕಿಗೆ ಹಿಡಿಯಲಿಲ್ಲ.

ನಿನಗೆ ಜೂನಿನಲ್ಲೇ ಗೊತ್ತಾಯಿತು. ನನ್ನ ಮೊದಲ ಕಾಗದ ಓದಿದ ದಿನವೇ. ಯಾಕೆ ಹೇಳಲಿಲ್ಲ? ಕಳೆದುಹೋದವು ಎಂದು ಊರಿಗೆಲ್ಲ ಯಾಕೆ ಹೇಳುತ್ತಿದ್ದೀ? ನೇರವಾಗಿ ಬರೆ. ನನ್ನ ವಯಸ್ಸು ನೋಡಿ ಮೆತ್ತಗೆ ಬರೆಯಬೇಡ.

ಚಿಕ್ಕಲಕ್ಷ್ಮಮ್ಮ


ಚನ್ನಪಟ್ಟಣ
೨೦ ಅಕ್ಟೋಬರ್ ೨೦೨೩

ಅತ್ತೆಯವರಿಗೆ,

ನೀವು ಬಂದು ಹೋದದ್ದು ಹಾಜಿರಮ್ಮನವರ ಮಾತಿನಲ್ಲೇ ತಿಳಿಯಿತು. "ಒಬ್ಬರು ಅಜ್ಜಿ ಬಂದಿದ್ರು, ಕೈ ಸೆರಗಲ್ಲಿ ಮುಚ್ಕೊಂಡು ನಿಂತಿದ್ರು" ಎಂದರು.

ನೇರವಾಗಿ ಬರೆಯಿರಿ ಎಂದಿದ್ದೀರಿ. ಜೂನಿನಲ್ಲಿ ನಿಮ್ಮ ಕಾಗದ ಓದಿದಾಗ ನನಗೆ ಬಂದದ್ದು ಸಿಟ್ಟು. ಎರಡು ತಿಂಗಳು ನಿಮಗೆ ಬರೆದದ್ದನ್ನೆಲ್ಲ ಸಿಟ್ಟಿನಲ್ಲಿ ಹರಿದುಹಾಕಿದೆ. ಸುಟ್ಟದ್ದಕ್ಕಿಂತ, ಬಣ್ಣದ ಪೆಟ್ಟಿಗೆಯನ್ನು ಜಗಲಿಯಲ್ಲಿ ತಡೆದದ್ದಕ್ಕೆ. ಅವರಿಗೆ ಅದರ ಸಿಟ್ಟಿರಲಿಲ್ಲ. "ಅವ್ವನಿಗೆ ಅವಳ ಹುಳು ಇದೆ, ನನಗೆ ಸೂಜಿ ಇದೆ" ಎಂದು ನಗುತ್ತಿದ್ದರು. ಮುಗಿದ ಮೇಲೆ ಎಲ್ಲವನ್ನೂ ಕಿಟಕಿಗಳಿಗೆ ಅಂಟಿಸಿ ನಿಮ್ಮನ್ನು ಕರೆದು ತೋರಿಸಬೇಕು ಎಂದಿದ್ದರು. ಅಷ್ಟರಲ್ಲಿ ನವೆಂಬರ್ ಬಂತು.

ಹೇಳದೆ ಇದ್ದದ್ದು ಯಾಕೆಂದರೆ, ಮಗ ನನಗೆಂದು ಮಾಡಿಟ್ಟ ಕೆಲಸ ಎಂದು ಕೇರಿಗೆಲ್ಲ ಹೇಳಿಕೊಂಡೆ ಎಂದು ನೀವು ಬರೆದಿದ್ದಿರಿ. ಆ ಸಾಲನ್ನು ನಿಮ್ಮಿಂದ ಕಿತ್ತುಕೊಳ್ಳಲು ಸಿಟ್ಟಿನಲ್ಲೂ ನನಗೆ ಆಗಲಿಲ್ಲ.

ಒಂದೊಂದು ಹಾಳೆಗೂ ಅವರು ನಂಬರ್ ಹಾಕಿ ಪುಸ್ತಕದಲ್ಲಿ ಹೆಸರು ಬರೆದಿಟ್ಟಿದ್ದಾರೆ. ಅದರ ನಕಲು ಇದರೊಂದಿಗೆ ಇದೆ. ಒಂದರಿಂದ ಏಳು ನನ್ನಲ್ಲಿರುವುದು. ಎಂಟರಿಂದ ನಲವತ್ತೆಂಟು ನಿಮ್ಮಲ್ಲಿದ್ದದ್ದು. 'ಹದಿನಾಲ್ಕು, ಅವ್ವ ಸೊಪ್ಪಿನ ಹೊರೆ ಇಳಿಸುವುದು. ಹತ್ತೊಂಬತ್ತು, ಅವ್ವ ಸಿದ್ದಯ್ಯನನ್ನು ಬಯ್ಯುವುದು. ಮೂವತ್ತು, ಅವ್ವ ನನ್ನ ಮಾತ್ರೆ ಚೀಟಿ ಓದುವುದು.' ಹೀಗೇ ಇದೆ. ಓದುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ಬೆಂಗಳೂರಿನ ಪ್ರದರ್ಶನ ಫೆಬ್ರವರಿಗೆ ಗೊತ್ತಾಗಿದೆ. ಏಳನ್ನೇ ಇಡುತ್ತೇವೆ. ಉಳಿದವು ಕಳೆದುಹೋಗಿವೆ ಎಂದು ಬೋರ್ಡಿನಲ್ಲಿ ಒಂದು ಸಾಲು ಇರುತ್ತದೆ. ಅದಕ್ಕಿಂತ ಹೆಚ್ಚು ಯಾರಿಗೂ ತಿಳಿಯಬೇಕಾಗಿಲ್ಲ.

ಲತಾ


ಸಾತನೂರು
೨೧ ನವೆಂಬರ್ ೨೦೨೩

ಚಿ. ಲತಾಮಣಿಗೆ,

ವರ್ಷದ ಕಾರ್ಯಕ್ಕೆ ನೀನು ಬಂದೆ, ಊಟ ಮಾಡಿದೆ, ನಾಲ್ಕು ಗಂಟೆಯ ಬಸ್ಸಿಗೆ ಹೋದೆ. ಅಷ್ಟು ಜನರ ನಡುವೆ ನಾವಿಬ್ಬರೂ ಆಡಿದ್ದು ಎರಡೇ ಮಾತು. "ಇನ್ನೊಸಿ ಅನ್ನ ಆಕ್ಲಾ?" "ಸಾಕು ಅತ್ತೆ." ಆದ್ದರಿಂದ ಬರೆಯುತ್ತಿದ್ದೇನೆ.

ಪಟ್ಟಿಯನ್ನು ಓದಿದೆ. ದಿನವೂ ಓದುತ್ತೇನೆ. ನಲವತ್ತೆಂಟರಲ್ಲಿ ಒಂದರಲ್ಲೂ ನೀನಿಲ್ಲ. ನೀನು ಅದನ್ನು ಬರೆಯಲಿಲ್ಲ, ಆದರೆ ನಾನು ನೋಡಿದೆ. ಹದಿನೈದು ವರ್ಷದ ಹೆಂಡತಿ ಒಂದು ಹಾಳೆಯಲ್ಲೂ ಇಲ್ಲ, ಆದರೂ ಅವುಗಳಿಗಾಗಿ ನೀನು ಗ್ಯಾಲರಿಯವರ ಬಾಗಿಲು ತಟ್ಟಿದೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಭಾನುವಾರ ಹತ್ತು ಗಂಟೆಯ ಬಸ್ಸಿನ ಹಾರನ್ ಕೇಳಿದ ಕೂಡಲೇ ಅವನು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕುತ್ತಿದ್ದ. ತಲೆ ಬಾಚಿಕೊಳ್ಳುತ್ತಿದ್ದ, ಆ ನಾಲ್ಕು ಕೂದಲನ್ನು. ನೀನು ಹೋಗುವತನಕ ಡಬ್ಬಿ ತೆಗೆಯುತ್ತಿರಲಿಲ್ಲ. ನೀನು ಎದುರಿಗಿದ್ದಾಗ ಅವನಿಗೆ ಬರೆಯುವುದು ಬೇಕಾಗುತ್ತಿರಲಿಲ್ಲ. ನನಗೆ ಆಗ ಅದು ಹೊಟ್ಟೆಕಿಚ್ಚಾಗುತ್ತಿತ್ತು, ಅದಕ್ಕೇ ಇಷ್ಟು ಚೆನ್ನಾಗಿ ನೆನಪಿದೆ.

ಹನ್ನೊಂದನೆಯ ದಿನದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಬಣ್ಣ ಅವನನ್ನು ಕೊಲ್ಲಲಿಲ್ಲ. ಡಾಕ್ಟರು ಅಂದೇ ಹೇಳಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ.

ಇನ್ನು ಬೋರ್ಡಿನ ವಿಷಯ. ಕಳೆದುಹೋಗಿವೆ ಎಂದು ಬರೆಯಬೇಡ. ಕಳೆದುಹೋಗುವುದು ಬಸ್ಸಿನಲ್ಲಿ ಬಿಟ್ಟ ಕೊಡೆ. ಇವನ್ನು ಒಬ್ಬಳು ಸುಟ್ಟಿದ್ದಾಳೆ. ನಲವತ್ತೊಂದು ಹಾಳೆಗಳನ್ನು ಅವನ ತಾಯಿ ಚಿಕ್ಕಲಕ್ಷ್ಮಮ್ಮ ಸುಟ್ಟಳು ಎಂದು ಬರೆಸು. ಹೆಸರು ಪೂರ್ತಿ ಇರಲಿ. ಜನ ಏನಂದುಕೊಳ್ಳುತ್ತಾರೆ ಎಂದು ನೀನು ನನಗೆ ಕಲಿಸಬೇಡ. ನನ್ನ ಮರ್ಯಾದೆಯನ್ನು ಇಷ್ಟು ವರ್ಷ ಕಾದವಳು ನಾನೇ, ಅದನ್ನು ಎಲ್ಲಿ ಕಳೆಯಬೇಕೆಂಬುದೂ ನನಗೇ ಸೇರಿದ್ದು.

ನಿನ್ನ ಅತ್ತೆ


ಸಾತನೂರು
೧೮ ಜನವರಿ ೨೦೨೪

ಚಿ. ಲತಾಮಣಿಗೆ,

ನೀನು ಬರೆದು ಕಳಿಸಿದ ಬೋರ್ಡಿನ ಒಕ್ಕಣೆ ನೋಡಿದೆ. 'ತಾಯಿ ಚಿಕ್ಕಲಕ್ಷ್ಮಮ್ಮನವರು ತಿಳಿಯದೆ ಸುಟ್ಟರು' ಎಂದಿದೆ.

'ಅವರು' ತೆಗೆದುಹಾಕು. 'ತಿಳಿಯದೆ' ಎಂಬುದನ್ನೂ ತೆಗೆ. ತಿಳಿಯದೆ ಎಂದರೆ ತಿಳಿಯುವ ದಾರಿ ಇರಲಿಲ್ಲ ಎಂದಾಗುತ್ತದೆ. ದಾರಿ ಇತ್ತು. ಅವನು ಕರೆದಿದ್ದ. 'ನೋಡದೆ ಸುಟ್ಟಳು' ಎಂದು ಹಾಕಿಸು. ಅದು ನಿಜ.

ಉಳಿದದ್ದು ಚೆನ್ನಾಗಿದೆ. ಎರಡನೆಯ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ, ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ.

ನಿನ್ನ ಅತ್ತೆ


ಸಾತನೂರು
೧೩ ಫೆಬ್ರವರಿ ೨೦೨೪

ಲತಾ,

ಬೆಂಗಳೂರಿನ ಪ್ರದರ್ಶನ ನೋಡಿದ ಮೇಲೆ ನೀನು ನನ್ನನ್ನು ಬಸ್ ಹತ್ತಿಸಿದೆ. ಊರು ತಲುಪಿ, ಸ್ನಾನ ಮಾಡಿ, ಈಗ ಬರೆಯುತ್ತಿದ್ದೇನೆ.

ನೀನು ಪತ್ರಿಕೆಯವರ ಜೊತೆ ಮಾತಾಡುತ್ತಿದ್ದಾಗ ನಾನು ಬೋರ್ಡಿನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದೆ. ಜನ ಚಿತ್ರ ನೋಡುತ್ತಾರೆ, ಹಿಂದೆ ಸರಿಯುತ್ತಾರೆ, ಮತ್ತೆ ಹತ್ತಿರ ಹೋಗುತ್ತಾರೆ, ಕೊನೆಗೆ ಬೋರ್ಡು ಓದುತ್ತಾರೆ. ಅವರ ಮುಖ ಯಾವ ಸಾಲಿನಲ್ಲಿ ಬದಲಾಗುತ್ತದೆಂದು ನನಗೆ ಗೊತ್ತಾಗತೊಡಗಿತು.

ಒಬ್ಬ ಹೆಂಗಸು ಕಾಲೇಜಿಗೆ ಹೋಗುವ ಮಗಳ ಜೊತೆ ಬಂದಿದ್ದಳು. ಓದಿ, "ಅಯ್ಯೋ ದೇವ್ರೇ, ಎಂಥಾ ತಾಯಿ ಇರ್ಬೋದು ಇವ್ಳು" ಎಂದಳು.

"ನಾನೇ ಕಣಮ್ಮ" ಎಂದೆ.

ಅವಳ ಮುಖ ಕಪ್ಪಿಟ್ಟಿತು. "ಸಾರಿ ಅಮ್ಮಾ, ನಾನು ಹಾಗಲ್ಲ ಹೇಳಿದ್ದು..." ಎಂದು ಮಗಳ ಕೈ ಎಳೆದಳು. ಮಗಳು ಬರಲಿಲ್ಲ. ನನ್ನ ಪಕ್ಕ ಕುಳಿತು, "ಅಜ್ಜಿ, ಸುಟ್ಟಿದ್ರಲ್ಲಿ ಏನೇನ್ ಇತ್ತು?" ಎಂದಳು. ಬೇರೆ ಯಾರಾದರೂ ಹಾಗೆ ಕೇಳಿದ್ದರೆ ಬಯ್ಯುತ್ತಿದ್ದೆನೇನೋ. ಆ ಹುಡುಗಿಯ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ. ಅವಳಿಗೆ ತಿಳಿಯಬೇಕಾಗಿತ್ತು, ಅಷ್ಟೆ.

ಹೇಳಿದೆ. ಪಟ್ಟಿ ತೆಗೆಯಬೇಕಾಗಲಿಲ್ಲ, ಬಾಯಿಗೆ ಬರುತ್ತದೆ. "ಎಂಟು, ಅವ್ವ ಒಲೆ ಊದೋದು. ಒಂಬತ್ತು, ಅವ್ವ ಜಗ್ಲಿ ಮೇಲೆ ಕಾಲ್ ನೀಡ್ಕಂಡಿರೋದು. ಹತ್ತು, ಅವ್ವನ ಹಿಮ್ಮಡಿ." ಹುಡುಗಿ ಗೋಡೆಯತ್ತ ನೋಡುತ್ತಿದ್ದಳು, ಅಲ್ಲಿ ಏನೋ ಇರುವ ಹಾಗೆ. ಮೊದಲು ಅವಳೊಬ್ಬಳೇ ಇದ್ದಳು. ಆಮೇಲೆ ಅವಳ ತಾಯಿ ತಿರುಗಿ ಬಂದು ನಿಂತಳು. ಇಪ್ಪತ್ತು ದಾಟುವಾಗ ಹತ್ತು ಹನ್ನೆರಡು ಜನರಾದರು. ಯಾರೋ ಫೋನ್ ಎತ್ತಿದರು, ಇನ್ಯಾರೋ ಅದನ್ನು ಇಳಿಸಿದರು. ನೀನು ಬಾಗಿಲ ಹತ್ತಿರ ಪತ್ರಿಕೆಯವರ ಮಾತು ಬಿಟ್ಟು ನನ್ನನ್ನೇ ನೋಡುತ್ತಿದ್ದದ್ದು ಕಂಡಿತು.

ಮೂವತ್ತಾರರವರೆಗೆ ಹೇಳಿದೆ. ಅಲ್ಲಿ ನಿಂತೆ. ಬಾಯಾರಿತೆಂದುಕೊಂಡು ನೀನು ನೀರು ತಂದೆ. ಮರೆತೆನೆಂದುಕೊಂಡು ಆ ಹುಡುಗಿ "ಪರ್ವಾಗಿಲ್ಲ ಅಜ್ಜಿ" ಎಂದಳು. ಎರಡೂ ಅಲ್ಲ.

ಮೂವತ್ತೇಳು, 'ಅವ್ವ ನಗುವುದು.'

ಅಕ್ಟೋಬರಿನಿಂದ ಆ ಸಾಲಿನ ಮುಂದೆ ಕುಳಿತಿದ್ದೇನೆ. ಮಿಕ್ಕ ನಲವತ್ತೂ ನನಗೆ ಗೊತ್ತು. ಎಲ್ಲಿ, ಯಾವಾಗ, ಯಾವ ಸೀರೆ ಉಟ್ಟಿದ್ದೆ ಎಂದು ಹೇಳಬಲ್ಲೆ. ಹಾಳೆ ಇಲ್ಲದಿದ್ದರೂ ಅಷ್ಟು ನನ್ನ ಹತ್ತಿರ ಇದೆ. ಇದೊಂದು ಮಾತ್ರ ಸಿಗುತ್ತಿಲ್ಲ. ಆ ನಾಲ್ಕು ತಿಂಗಳಲ್ಲಿ ನಾನು ನಕ್ಕ ನೆನಪಿಲ್ಲ. ಸಿದ್ದಯ್ಯನನ್ನು ಕೇಳಿದೆ. "ನಿಮ್ ನಗಾ ನಾನ್ ಕಂಡೇ ಇಲ್ವಲ್ಲ ಅತ್ಗೆ" ಎಂದ. ತಮಾಷೆಗೆ ಹೇಳಿದನೋ ನಿಜವೋ ತಿಳಿಯಲಿಲ್ಲ. ಹಾಸಿಗೆಯಲ್ಲಿ ಮಗ ದಿನಕ್ಕೊಂದಿಷ್ಟು ಸವೆಯುತ್ತಿದ್ದ. ಅಂಥ ಮನೆಯಲ್ಲಿ ಯಾವುದಕ್ಕೆ ನಕ್ಕೆ? ಅವನು ಏನಾದರೂ ಹೇಳಿ ನಗಿಸಿದನೋ? ಹುಳುವಿಗೇನಾದರೂ ಆಯಿತೋ? ನಕ್ಕಾಗ ನಾನು ಹೇಗೆ ಕಾಣುತ್ತೇನೆ ಎಂಬುದೂ ನನಗೆ ತಿಳಿಯದು. ನನ್ನ ಮದುವೆಯ ಫೋಟೊದಲ್ಲೂ ಬಾಯಿ ಬಿಗಿದುಕೊಂಡಿದ್ದೇನೆ.

ಅವನು ಕಾಣದ್ದನ್ನು ಬರೆಯುವವನಲ್ಲ. ಆ ಕೈ, ಆ ಸೊಟ್ಟ ಬೆರಳು ನೋಡಿದ್ದೇನಲ್ಲ, ಒಂದು ಚುಕ್ಕೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಬರೆದಿದ್ದರೆ ನಾನು ನಕ್ಕಿರಬೇಕು.

ನಟರಾಜುವಿನ ಅವ್ವ